ನೀರಿನ ಲೆಕ್ಕಕ್ಕೆ ಜ್ವರವನ್ನೂ ಸೇರಿಸಿದ ಎಂಜಿನಿಯರ್

ಪುಣೆಯಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಖಡಕ್‌ವಾಸ್ಲಾ ಎಂದರೆ ಮಳೆಗಾಲದ ಭಾನುವಾರ. ಸಿಂಹಗಡ ಹತ್ತಿ, ಪಿಠಲಾ–ಭಾಕ್ರಿ ತಿಂದು, ಇಳಿದು ಬರುವಾಗ ಜಲಾಶಯದ ದಂಡೆಯಲ್ಲಿ ಸುಟ್ಟ ಮೆಕ್ಕೆಜೋಳದ ತೆನೆ ಹಿಡಿದು ನಿಲ್ಲುವ ಜಾಗ. ಪ್ರತಿ ಸೆಪ್ಟೆಂಬರ್ 15ರಂದು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮೈಸೂರು ಪೇಟ ತೊಟ್ಟ ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರ ಓಡಾಡುತ್ತದೆ, ಕೆಳಗೆ ಕನ್ನಂಬಾಡಿ ಕಟ್ಟೆಯ ಫೋಟೊ ಇರುತ್ತದೆ. ಆದರೆ ಅವರ ವೃತ್ತಿಜೀವನದ ಮೊದಲ ಇಪ್ಪತ್ತೈದು ವರ್ಷ ಕಳೆದದ್ದು ನಾವು ಈಗಿರುವ ಈ ಸೀಮೆಯಲ್ಲಿ, ಅಂದಿನ ಮುಂಬೈ ಪ್ರಾಂತ್ಯದಲ್ಲಿ. ಅವರೂ ಕೆಲಸಕ್ಕಾಗಿ ರಾಜ್ಯ ಬಿಟ್ಟು ಬಂದವರೇ. ಆ ಇಪ್ಪತ್ತೈದು ವರ್ಷಗಳಲ್ಲಿ ಅವರು ಕಲಿತ ಒಂದು ಲೆಕ್ಕವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ನೀರು ಎಷ್ಟು ಬರುತ್ತದೆ ಎಂಬುದರ ಜೊತೆಗೆ ಆ ನೀರು ಯಾರ ಮನೆಗೆ ಕಾಯಿಲೆ ತರುತ್ತದೆ ಎಂಬುದನ್ನೂ ಯೋಜನೆಯ ಹಂತದಲ್ಲೇ ಕೇಳಬೇಕು ಎಂಬ ಲೆಕ್ಕ ಅದು.

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಎಳೆಯ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆ ಇತ್ತು. ಮಕ್ಕಳಿಗೆ ಮನೆಪಾಠ ಹೇಳಿ ನಾಲ್ಕು ಕಾಸು ಸಂಪಾದಿಸುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಆ ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಗೆ ತಂದಿತು.

ಇಲ್ಲಿ ಅವರು ಸೇರಿದ್ದು ಕಾಲೇಜ್ ಆಫ್ ಸೈನ್ಸ್‌ಗೆ. ಶಿವಾಜಿನಗರದ ನಮ್ಮ ಸಿಒಇಪಿ ಅದೇ. ಮುಳಾ ಮತ್ತು ಮುಠಾ ನದಿಗಳು ಕೂಡುವ ಸಂಗಮದ ಪಕ್ಕದಲ್ಲಿದೆ. 1883ರಲ್ಲಿ ಮುಂಬೈ ಪ್ರಾಂತ್ಯಕ್ಕೇ ಮೊದಲಿಗರಾಗಿ ಎಂಜಿನಿಯರಿಂಗ್ ಪರೀಕ್ಷೆ ಪಾಸಾದರು. ಮರುವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಕೆಲಸ. ನಾಸಿಕ, ಖಾನದೇಶ, ಧುಳೆ ಎಂದು ಸುತ್ತಾಟ ಆರಂಭವಾಯಿತು.

ಇಲಾಖೆಯ ಹೊರಗೆ ಅವರ ಹೆಸರು ಮೊದಲು ಕೇಳಿಬಂದದ್ದು ಸಿಂಧ್ ಪ್ರಾಂತ್ಯದ ಸಕ್ಕರ್‌ನಲ್ಲಿ. ಸಿಂಧೂ ನದಿಯ ದಂಡೆಯ ಊರು. ನೀರಿಗೇನೂ ಬರವಿಲ್ಲ, ಆದರೆ ಅದು ಕೆಸರು ನೀರು. ಅದನ್ನು ಸೋಸಿ ಕೊಡುವ ದೊಡ್ಡ ಶೋಧಕ ತೊಟ್ಟಿಗಳನ್ನು ಕಟ್ಟಿಸುವಷ್ಟು ಹಣ ಪುರಸಭೆಯ ಬಳಿ ಇರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ನದಿಯ ತಳದ ಮರಳೇ ಶೋಧಕವಾಯಿತು. ಮರಳಿನಲ್ಲಿ ಬಸಿದು ಬಂದ ತಿಳಿನೀರನ್ನು ಪಂಪಿನಿಂದ ಎತ್ತಿ ಊರಿಗೆ ಕೊಟ್ಟರು. 1895ರ ಹೊತ್ತಿಗೆ ಈ ಕೆಲಸ ಮುಗಿದಿತ್ತು. ಹಣ ಕಡಿಮೆ ಎಂಬ ಕಾರಣಕ್ಕೆ ನೀರಿನ ಶುದ್ಧಿಯನ್ನು ಮುಂದಿನ ಹಂತಕ್ಕೆ ತಳ್ಳುವುದು ಸುಲಭವಿತ್ತು. ಅವರು ಹಾಗೆ ತಳ್ಳಲಿಲ್ಲ, ಕೈಗೆಟಕುವ ದರದಲ್ಲಿ ಶುದ್ಧಿಯ ದಾರಿ ಹುಡುಕಿದರು.

ನಂತರ ಪುಣೆಗೆ ಬಂದರು. ಆ ಕಾಲದ ಪುಣೆ ಎಂದರೆ ರಾನಡೆ, ಗೋಖಲೆ, ತಿಲಕರ ಪುಣೆ. ರಾನಡೆ ಮತ್ತು ಗೋಖಲೆಯವರ ಒಡನಾಟ ಅವರಿಗಿತ್ತು. ಅದು ಪ್ಲೇಗಿನ ಪುಣೆಯೂ ಹೌದು. 1896ರಲ್ಲಿ ಮುಂಬೈಗೆ ಕಾಲಿಟ್ಟ ಪ್ಲೇಗು ಮರುವರ್ಷ ಇಲ್ಲಿಯ ಪೇಠೆಗಳನ್ನು ಖಾಲಿ ಮಾಡಿಸಿತು. ಕಾಯಿಲೆ ಬಂದ ಮೇಲೆ ಸರ್ಕಾರ ಮನೆಮನೆಗೆ ನುಗ್ಗಿ ತಪಾಸಣೆ ಮಾಡಿದ ರೀತಿಗೆ ಊರೇ ಸಿಟ್ಟಿಗೆದ್ದಿತು. ಊರಿನ ಆರೋಗ್ಯವನ್ನು ಮೊದಲೇ ನೋಡಿಕೊಳ್ಳದಿದ್ದರೆ ಆಮೇಲೆ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಆ ತಲೆಮಾರಿನ ಎಲ್ಲರೂ ಕಣ್ಣಾರೆ ಕಂಡರು.

1899ರಲ್ಲಿ ಪುಣೆ ಜಿಲ್ಲೆಯ ನೀರಾವರಿ ಅವರ ಕೈಗೆ ಬಂತು. ಈ ಲೇಖನ ಬರೆಯಲು ನನಗೆ ಮುಖ್ಯ ಕಾರಣವಾದ ಕೆಲಸ ಇದೇ. ನೀರಾ ಕಾಲುವೆಯ ನೀರು ಬಾರಾಮತಿ ಕಡೆಗೆ ಹರಿಯುತ್ತಿತ್ತು. ಕಾಲುವೆಯ ತಲೆಯ ಭಾಗದ ರೈತರು ಕಬ್ಬಿಗೆ ಬೇಕಾದಷ್ಟು ನೀರು ಹಾಯಿಸುತ್ತಿದ್ದರು. ಕೊನೆಯ ಹಳ್ಳಿಗಳಿಗೆ ನೀರೇ ಇಲ್ಲ. ಇದು ಎಲ್ಲ ಕಾಲುವೆಗಳ ಕಥೆ, ಮಂಡ್ಯದವರಿಗೂ ತುಂಗಭದ್ರಾ ಅಚ್ಚುಕಟ್ಟಿನವರಿಗೂ ಹೊಸದಾಗಿ ಹೇಳಬೇಕಿಲ್ಲ. ಕೊನೆಯವರಿಗೆ ನೀರಿಲ್ಲದ್ದು ಒಂದು ನಷ್ಟವಾದರೆ, ಮೊದಲಿನವರಿಗೆ ನೀರು ಹೆಚ್ಚಾದದ್ದು ಇನ್ನೊಂದು ನಷ್ಟ. ಕಪ್ಪು ಮಣ್ಣು ನೀರು ಹಿಡಿದು ಜೌಗಾಗುತ್ತದೆ, ತಳದ ಉಪ್ಪು ಮೇಲೇರುತ್ತದೆ, ನಿಂತ ನೀರಿನ ಪಕ್ಕದ ಹಳ್ಳಿಗಳಲ್ಲಿ ಚಳಿಜ್ವರ ಬರುತ್ತದೆ.

ಇದಕ್ಕೆ ಅವರು ರೂಪಿಸಿದ ಪರಿಹಾರವೇ ಬ್ಲಾಕ್ ಪದ್ಧತಿ. ಕಾಲುವೆಯ ಉದ್ದಕ್ಕೂ ಹಳ್ಳಿಗಳ ಜಮೀನನ್ನು ಬ್ಲಾಕುಗಳಾಗಿ ಗುರುತಿಸುವುದು, ಗೊತ್ತುಮಾಡಿದ ಬ್ಲಾಕಿಗೆ ಗೊತ್ತುಮಾಡಿದಷ್ಟೇ ನೀರು ಕೊಡುವುದು, ಬ್ಲಾಕಿನ ಒಂದು ಪಾಲಿನಲ್ಲಿ ಮಾತ್ರ ಕಬ್ಬು, ಉಳಿದದ್ದರಲ್ಲಿ ಕಡಿಮೆ ನೀರಿನ ಬೆಳೆ, ವರ್ಷದಿಂದ ವರ್ಷಕ್ಕೆ ಸರದಿ ಬದಲಾವಣೆ. ಇದರಿಂದ ನೀರು ಹೆಚ್ಚು ಹಳ್ಳಿಗಳಿಗೆ ಹಂಚಿಹೋಗುತ್ತದೆ. ಯಾವ ಒಂದು ಜಾಗವೂ ವರ್ಷವಿಡೀ ನೆನೆದು ಜೌಗಾಗುವುದಿಲ್ಲ, ಸೊಳ್ಳೆಯ ತವರಾಗುವುದಿಲ್ಲ. ನೀರು ಬಳಸಿ ಅಭ್ಯಾಸವಾಗಿದ್ದ ಬೆಳೆಗಾರರು ಮೊದಮೊದಲು ವಿರೋಧಿಸಿದರು. ಅವರ ಜೊತೆ ಕುಳಿತು ಮಾತಾಡಿ ಒಪ್ಪಿಸಬೇಕಾಯಿತು. 1901ರಲ್ಲಿ ನೇಮಕವಾದ ಭಾರತೀಯ ನೀರಾವರಿ ಆಯೋಗದ ಮುಂದೆಯೂ ಈ ಪದ್ಧತಿಯನ್ನು ವಿವರಿಸಿದರು.

ಇಲ್ಲಿ ಒಂದು ಇಸವಿ ಗಮನಿಸಬೇಕು. ಮಲೇರಿಯಾವನ್ನು ಹರಡುವುದು ಸೊಳ್ಳೆ ಎಂಬ ಸುಳಿವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರ ಆಗಸ್ಟಿನಲ್ಲಿ. ಅದಾಗಿ ಎರಡೇ ವರ್ಷಕ್ಕೆ ಬ್ಲಾಕ್ ಪದ್ಧತಿಯ ಯೋಜನೆ ತಯಾರಾಗುತ್ತಿತ್ತು. ರೋಗ ಹರಡುವ ಬಗೆಯ ಪೂರ್ತಿ ವಿಜ್ಞಾನ ಇನ್ನೂ ಎಂಜಿನಿಯರ್‌ಗಳ ಕೈಪಿಡಿಗೆ ಬಂದಿರಲಿಲ್ಲ. ಆದರೂ ಕಾಲುವೆ ಹೋದಲ್ಲೆಲ್ಲ ಜ್ವರ ಹಿಂಬಾಲಿಸುತ್ತದೆ ಎಂಬ ಅನುಭವ ಸಾಕಷ್ಟಿತ್ತು. ಪೂರ್ತಿ ಸಾಬೀತಾಗಲಿ, ಆಮೇಲೆ ನೋಡೋಣ ಎಂದು ಕೂರದೆ, ಅಪಾಯದ ಸಾಧ್ಯತೆಯನ್ನೇ ವಿನ್ಯಾಸದ ಒಂದು ಭಾಗವನ್ನಾಗಿ ಮಾಡಿದರು. ಇಂದು ನಾವು ಪರಿಸರ ಮತ್ತು ಆರೋಗ್ಯದ ಅಪಾಯ ಅಂದಾಜು ಎಂದು ದೊಡ್ಡ ಹೆಸರಿನಿಂದ ಕರೆಯುವ ಕೆಲಸದ ತಿರುಳು ಇಷ್ಟೇ.

ಅದೇ ವರ್ಷಗಳಲ್ಲಿ ಖಡಕ್‌ವಾಸ್ಲಾದ ಕೆಲಸವೂ ನಡೆಯಿತು. ಆಗ ಅದರ ಹೆಸರು ಲೇಕ್ ಫೈಫ್. ಪುಣೆಗೆ ಕುಡಿಯುವ ನೀರು, ಕಾಲುವೆಗೆ ನೀರಾವರಿ ನೀರು, ಎರಡೂ ಇಲ್ಲಿಂದಲೇ. ಮಳೆಗಾಲದಲ್ಲಿ ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿದ್ದ ನೀರನ್ನು ಹಿಡಿಯಲು ಕಟ್ಟೆಯನ್ನು ಎತ್ತರಿಸಬಹುದಿತ್ತು. ಹಳೆಯ ಕಟ್ಟೆಯ ಮೇಲೆ ಹೊಸ ಭಾರ ಹೇರುವುದು ಅವರಿಗೆ ಸರಿಕಾಣಲಿಲ್ಲ. ಅದರ ಬದಲು ಕೋಡಿಗೆ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ರೂಪಿಸಿದರು. ಕೆರೆ ತುಂಬುವವರೆಗೆ ಬಾಗಿಲು ನೀರನ್ನು ತಡೆಯುತ್ತದೆ. ಮಟ್ಟ ಮೀರಿದಾಗ ಯಾರೂ ಬಂದು ತಿರುಗಿಸಬೇಕಿಲ್ಲ, ನೀರಿನ ಬಲದಿಂದಲೇ ತೆರೆದು ಪ್ರವಾಹವನ್ನು ಬಿಟ್ಟುಕೊಡುತ್ತದೆ. 1903ರ ಹೊತ್ತಿಗೆ ಕೂಡಿಸಿದ ಈ ಬಾಗಿಲುಗಳು ಕಟ್ಟೆಯನ್ನು ಏರಿಸದೆಯೇ ಸಂಗ್ರಹದ ಮಟ್ಟವನ್ನು ಸುಮಾರು 8 ಅಡಿ ಹೆಚ್ಚಿಸಿದವು. ಮುಂದೆ ಗ್ವಾಲಿಯರ್‌ನ ತಿಗ್ರಾ ಮತ್ತು ನಮ್ಮ ಕನ್ನಂಬಾಡಿಗೂ ಇದೇ ಬಗೆಯ ಬಾಗಿಲುಗಳು ಬಂದವು. ಬಾಗಿಲಿಗೆ ಪೇಟೆಂಟ್ ಇತ್ತು. ಆದರೆ ಸರ್ಕಾರಿ ಕೆಲಸದಲ್ಲಿದ್ದಾಗ ಮಾಡಿದ ವಿನ್ಯಾಸಕ್ಕೆ ಸರ್ಕಾರದಿಂದಲೇ ರಾಯಧನ ಪಡೆಯಲು ಅವರು ಒಪ್ಪಲಿಲ್ಲ.

1904ರಲ್ಲಿ ಅವರು ಮುಂಬೈ ಸರ್ಕಾರದ ಸ್ಯಾನಿಟರಿ ಎಂಜಿನಿಯರ್ ಆದರು. ಊರುಗಳ ಕುಡಿಯುವ ನೀರು ಮತ್ತು ಒಳಚರಂಡಿಯೇ ಈ ಹುದ್ದೆಯ ಕೆಲಸ. ಕೊಲ್ಹಾಪುರ, ಬೆಳಗಾವಿ, ಧಾರವಾಡ, ವಿಜಯಪುರಗಳ ನೀರು ಸರಬರಾಜಿನಲ್ಲಿ ಅವರ ಸಲಹೆ ಇದೆ. 1906ರಲ್ಲಿ ಸಮುದ್ರ ದಾಟಿ ಏಡನ್‌ಗೆ ಹೋದರು. ಬಂಡೆಯ ನಡುವಿನ ಆ ಬಂದರಿನಲ್ಲಿ ಮಳೆ ಇಲ್ಲ, ಚರಂಡಿ ಇಲ್ಲ, ಸೈನಿಕರ ಛಾವಣಿಯಲ್ಲಿ ಕಾಯಿಲೆಯ ಭಯ. ನೀರನ್ನು ಒಳನಾಡಿನ ಲಹೆಜ್ ಕಡೆಯ ಒಣನದಿಯ ಮರಳಿನ ತಳದಿಂದ ತರಲು ಸೂಚಿಸಿದರು. ಅದರ ಜೊತೆಯಲ್ಲೇ ಒಳಚರಂಡಿಯ ಯೋಜನೆಯನ್ನೂ ಕೊಟ್ಟರು. ಊರಿಗೆ ನೀರು ಹೆಚ್ಚು ಬಂದರೆ ಕೊಳೆನೀರೂ ಹೆಚ್ಚಾಗುತ್ತದೆ, ಅದಕ್ಕೆ ದಾರಿ ಮಾಡದೆ ನಲ್ಲಿ ಹಾಕಿಸಿದರೆ ಕಾಯಿಲೆಯನ್ನೇ ಕರೆದಂತೆ. ನೀರು ಮತ್ತು ಚರಂಡಿ ಅವರ ಮಟ್ಟಿಗೆ ಒಂದೇ ಕಡತ.

ಹಲವು ಹಿರಿಯರನ್ನು ದಾಟಿ ಮೇಲೆ ಬಂದಿದ್ದರೂ ಪ್ರಾಂತ್ಯದ ಮುಖ್ಯ ಎಂಜಿನಿಯರ್ ಹುದ್ದೆ ಆ ಕಾಲದಲ್ಲಿ ಭಾರತೀಯರಿಗೆ ಸಿಗುವಂತಿರಲಿಲ್ಲ. 1908ರಲ್ಲಿ ಸ್ವಯಂ ನಿವೃತ್ತಿ ಕೇಳಿ ವಿದೇಶ ಪ್ರವಾಸಕ್ಕೆ ಹೊರಟರು. ಅವರು ಯುರೋಪಿನಲ್ಲಿದ್ದಾಗ ಹೈದರಾಬಾದಿನಿಂದ ಕರೆ ಬಂತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ನಗರವನ್ನು ನುಂಗಿತ್ತು, ಸಾವಿರಾರು ಜನ ಸತ್ತಿದ್ದರು. 1909ರಲ್ಲಿ ಅಲ್ಲಿಗೆ ಹೋದ ವಿಶ್ವೇಶ್ವರಯ್ಯನವರು ಮೊದಲು ನೋಡಿದ್ದು ನಗರದ ಮೇಲಿನ ಜಲಾನಯನ ಪ್ರದೇಶವನ್ನು. ಅಲ್ಲಿದ್ದ ನೂರಾರು ಕೆರೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಆ ಮಳೆಗೆ ಒಡೆದಿದ್ದವು. ಒಂದು ಕೆರೆಯ ನೀರು ಕೆಳಗಿನ ಕೆರೆಯನ್ನು ಒಡೆದು, ಎಲ್ಲ ಸೇರಿ ಊರಿನ ಮೇಲೆ ಬಿದ್ದಿತ್ತು. ನದಿಯ ದಂಡೆಗೆ ಗೋಡೆ ಕಟ್ಟಿ ಕೈತೊಳೆದುಕೊಳ್ಳುವ ಬದಲು ನಗರದ ಮೇಲ್ಭಾಗದಲ್ಲಿ ಎರಡು ಜಲಾಶಯಗಳನ್ನು ಸೂಚಿಸಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಪ್ರವಾಹ ತಡೆ, ಕುಡಿಯುವ ನೀರು, ನಗರದ ಒಳಚರಂಡಿ, ನದಿಯ ದಂಡೆಯಲ್ಲಿ ಜನ ಓಡಾಡುವ ತೋಟ ಎಲ್ಲವೂ ಅವರ ಒಂದೇ ಚಿಂತನೆಯಲ್ಲಿದ್ದವು.

1909ರ ಕೊನೆಗೆ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಮುಂದಿನ ಕಥೆಯನ್ನು ನಾವೆಲ್ಲ ಪಠ್ಯಪುಸ್ತಕದಲ್ಲಿ ಓದಿದ್ದೇವೆ: ಬ್ಯಾಂಕು, ವಿಶ್ವವಿದ್ಯಾನಿಲಯ, ಸೋಪು, ಗಂಧದೆಣ್ಣೆ, ಭದ್ರಾವತಿಯ ಕಬ್ಬಿಣ. ಪಠ್ಯಪುಸ್ತಕ ಬಿಟ್ಟುಬಿಡುವ ಪುಟಗಳೂ ಇವೆ. ಕಟ್ಟೆಯ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು, ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ಗುಡಿಯೂ ಮುಳುಗಿತು. ಭದ್ರಾವತಿಯ ಕುಲುಮೆಗೆ ಕಲ್ಲಿದ್ದಲಿನ ಬದಲು ಇದ್ದಿಲು ಬೇಕಿತ್ತು, ಆ ಇದ್ದಿಲು ಮಲೆನಾಡಿನ ಮರಗಳಿಂದ ಬಂತು. ಇವುಗಳ ಬೆಲೆಯನ್ನು ಆ ಕಾಲದ ಯಾವ ಕಡತವೂ ಸರಿಯಾಗಿ ಬರೆದುಕೊಳ್ಳಲಿಲ್ಲ. ದೊಡ್ಡವರನ್ನು ಗೌರವಿಸುವುದು ಎಂದರೆ ಈ ಪುಟಗಳನ್ನು ಹರಿದುಹಾಕುವುದು ಎಂದು ನಾನು ತಿಳಿದಿಲ್ಲ.

ಇನ್ನೊಂದು ಪುಟ ನಮ್ಮ ವಿಷಯಕ್ಕೆ ನೇರವಾಗಿ ಸೇರುತ್ತದೆ. 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆ ಮಂಡ್ಯದ ಒಣಭೂಮಿಗೆ ಕಾವೇರಿಯನ್ನು ತಂದಿತು. ಇಂದು ಅದೇ ವಿಶ್ವೇಶ್ವರಯ್ಯ ನಾಲೆ. ನೀರಾ ಕಾಲುವೆಯಲ್ಲಿ ಹುಟ್ಟಿದ ಬ್ಲಾಕ್ ಪದ್ಧತಿಯನ್ನು ಅಲ್ಲಿಗೂ ತಂದರು. ಆದರೆ ಭತ್ತ ಮತ್ತು ಕಬ್ಬಿನ ಗದ್ದೆಗಳಲ್ಲಿ ನೀರು ನಿಂತಿತು, ನಾಲೆಗಳಿಂದ ಜಿನುಗಿದ ನೀರು ತಗ್ಗುಗಳಲ್ಲಿ ಕೂಡಿತು, ಬಸಿಗಾಲುವೆಗಳು ಸಾಲಲಿಲ್ಲ. ಮಲೇರಿಯಾ ಹಳ್ಳಿ ಹಳ್ಳಿಗೂ ಬಂತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸರ್ಕಾರ ಮಲೇರಿಯಾ ಅಧ್ಯಯನವನ್ನೂ ನಿಯಂತ್ರಣವನ್ನೂ ಕೈಗೊಳ್ಳಬೇಕಾಯಿತು. ಕೈಗೆ ದುಡ್ಡು ಬಂದ ಮನೆಯಲ್ಲೇ ಚಳಿಜ್ವರದಿಂದ ನಡುಗುವ ಮಕ್ಕಳೂ ಇದ್ದರು. ಪದ್ಧತಿ ಕಾಗದದ ಮೇಲೆ ಇದ್ದರೆ ಸಾಲದು. ನೀರು ತರುವ ನಾಲೆಯಷ್ಟೇ ಮುತುವರ್ಜಿಯಿಂದ ನೀರು ಹೊರಹಾಕುವ ಕಾಲುವೆಯನ್ನೂ ತೋಡದಿದ್ದರೆ ಅದೇ ನೀರು ಕಾಯಿಲೆಯಾಗಿ ತಿರುಗಿ ಬರುತ್ತದೆ. ಮಂಡ್ಯ ಇದನ್ನು ಅನುಭವಿಸಿ ಕಲಿಯಿತು.

ಮುಂದಿನ ಬದುಕು ಯೋಜನೆಯ ಚಿಂತನೆಯಲ್ಲಿ ಕಳೆಯಿತು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದರು. 1955ರಲ್ಲಿ ಭಾರತರತ್ನ ಬಂತು. 1961ರ ಜುಲೈ 12ರಂದು, ಅವರು ನೂರರ ಹೊಸ್ತಿಲಲ್ಲಿ ಬೆಂಗಳೂರಿನಲ್ಲಿದ್ದಾಗ, ಪುಣೆಯಲ್ಲಿ ಅನಾಹುತವಾಯಿತು. ಖಡಕ್‌ವಾಸ್ಲಾದ ಮೇಲ್ಭಾಗದಲ್ಲಿ ಹೊಸದಾಗಿ ಕಟ್ಟುತ್ತಿದ್ದ ಪಾನ್‌ಶೇತ್ ಅಣೆಕಟ್ಟೆ ಒಡೆಯಿತು. ಕಾಮಗಾರಿ ಪೂರ್ತಿಯಾಗುವ ಮುಂಚೆಯೇ ಮಳೆಗಾಲದ ನೀರು ಅದರಲ್ಲಿ ತುಂಬಿತ್ತು. ಆ ನೀರಿನ ಹೊಡೆತಕ್ಕೆ ಕೆಳಗಿನ ಖಡಕ್‌ವಾಸ್ಲಾವೂ ಅದೇ ದಿನ ಒಡೆಯಿತು. ಮುಠಾ ನದಿ ಹಳೆಯ ಪೇಠೆಗಳಿಗೆ ನುಗ್ಗಿತು. ಹಳೆಯ ಕಟ್ಟೆಗೆ ಹೆಚ್ಚಿನ ಭಾರ ಬೇಡವೆಂದು ಬಾಗಿಲುಗಳನ್ನು ರೂಪಿಸಿದ ಎಂಜಿನಿಯರ್ ಬದುಕಿರುವಾಗಲೇ ಆ ಕಟ್ಟೆ ಹೋಯಿತು. ಊರಿಗೆ ಪ್ರವಾಹ ಬಂತು, ಇಳಿದ ಮೇಲೆ ಕುಡಿಯಲು ನೀರಿಲ್ಲದಾಯಿತು. ಇಂದು ನಾವು ನೋಡುವುದು ಆಮೇಲೆ ಮತ್ತೆ ಕಟ್ಟಿದ ಕಟ್ಟೆಯನ್ನು.

1962ರ ಏಪ್ರಿಲ್‌ನಲ್ಲಿ ವಿಶ್ವೇಶ್ವರಯ್ಯನವರು ತೀರಿಕೊಂಡರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ.

ಅವರ ಲೆಕ್ಕವನ್ನು ಇಂದಿನ ಪುಣೆಗೆ ಹಾಕಿ ನೋಡಿ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಸುತ್ತಮುತ್ತ, ಕಿರ್ಕಟ್‌ವಾಡಿ, ನಾಂದೇಡ್ ಗ್ರಾಮ, ಧಾಯರಿ, ಖಡಕ್‌ವಾಸ್ಲಾ ಕಡೆಗಳಲ್ಲಿ ಗಿಲಿಯನ್ ಬಾರೆ ಸಿಂಡ್ರೋಮ್ ಕಾಣಿಸಿಕೊಂಡಿತು. ಹೊಟ್ಟೆಯ ಸೋಂಕು ವಾಸಿಯಾದ ಮೇಲೆ ದೇಹದ ರೋಗನಿರೋಧಕ ಶಕ್ತಿ ತನ್ನದೇ ನರಗಳ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಕೈಕಾಲು ಸೋಲುತ್ತವೆ, ಕೆಲವರಿಗೆ ಉಸಿರಾಟಕ್ಕೇ ಯಂತ್ರ ಬೇಕಾಗುತ್ತದೆ. ಕೆಲವೇ ವಾರಗಳಲ್ಲಿ ಇನ್ನೂರರ ಹತ್ತಿರ ಶಂಕಿತ ಪ್ರಕರಣಗಳಾದವು, ಸಾವುಗಳೂ ಆದವು. ಕೆಲವು ರೋಗಿಗಳ ಮಲದ ಪರೀಕ್ಷೆಯಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಮತ್ತು ನೊರೊವೈರಸ್ ಕಂಡವು, ಕುಡಿಯುವ ನೀರಿನ ಮೇಲೆ ಅನುಮಾನ ಬಂತು. ಈ ಹಳ್ಳಿಗಳು ಪಾಲಿಕೆಗೆ ಸೇರಿದ್ದು ಈಚೆಗೆ, 2017ರಲ್ಲಿ ಕೆಲವು, 2021ರಲ್ಲಿ ಕೆಲವು. ಅಷ್ಟರಲ್ಲಿ ಅಲ್ಲಿ ಗೋಪುರಗಳೆದ್ದಿದ್ದವು, ನಮ್ಮಂಥವರು ಗೃಹಸಾಲ ಮಾಡಿ ಫ್ಲ್ಯಾಟು ಕೊಂಡಿದ್ದರು. ಪೂರ್ಣ ಶುದ್ಧೀಕರಣ ಘಟಕದ ನೀರು ಎಲ್ಲೆಡೆ ತಲುಪಿರಲಿಲ್ಲ. ಬಾವಿ, ಬೋರ್‌ವೆಲ್, ಟ್ಯಾಂಕರ್ ಇದ್ದವು. ವಿಶ್ವೇಶ್ವರಯ್ಯನವರು ನೀರು ಹಿಡಿದಿಟ್ಟ ಜಲಾಶಯದ ಮಗ್ಗುಲಲ್ಲೇ ಜನ ನೀರಿಗೆ ಹೆದರಿದರು.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಮತ್ತು ಮೇಲ್ಪಟ್ಟ ಕಟ್ಟಡ ಯೋಜನೆಗೆ ಮುಂಚಿತ ಪರಿಸರ ಅನುಮತಿ ಬೇಕು. ಆದರೆ ಅಲ್ಲಿ ಪರೀಕ್ಷೆಗೆ ಒಳಗಾಗುವುದು ಒಂದೊಂದೇ ಯೋಜನೆ. ಒಂದು ರಸ್ತೆಯಲ್ಲಿ ಐವತ್ತು ಯೋಜನೆಗಳು ಬಂದರೆ ಒಟ್ಟು ಕೊಳೆನೀರು ಎಲ್ಲಿಗೆ ಹೋಗುತ್ತದೆ, ಅದರ ಪಕ್ಕದ ಬಾವಿಯ ನೀರು ಕುಡಿಯುವವರಿಗೆ ಏನಾಗುತ್ತದೆ ಎಂಬ ಪ್ರಶ್ನೆ ಯಾರ ಮೇಜಿನ ಮೇಲೂ ಬೀಳುವುದಿಲ್ಲ. ಪರಿಸರದ ಕಡತ ಒಂದು ಇಲಾಖೆಯಲ್ಲಿ, ನೀರಿನದು ಇನ್ನೊಂದರಲ್ಲಿ, ಆರೋಗ್ಯದ್ದು ಕಾಯಿಲೆ ಬಂದ ಮೇಲೆ ತೆರೆಯುವ ಮತ್ತೊಂದರಲ್ಲಿ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ರಿಲೀಸ್ ಆದ ಮೇಲೆ ಟೆಸ್ಟಿಂಗ್ ಶುರುಮಾಡಿದರೆ ಗ್ರಾಹಕ ಸುಮ್ಮನಿರುತ್ತಾನೆಯೇ? ಊರು ಕಟ್ಟುವಾಗ ಮಾತ್ರ ನಾವು ಅದನ್ನೇ ಮಾಡುತ್ತೇವೆ. ಟೆಸ್ಟಿಂಗ್ ನಡೆಯುವುದು ನಮ್ಮ ಮನೆಯ ಮಕ್ಕಳ ಮೇಲೆ.

ಹೈದರಾಬಾದೂ ಇದಕ್ಕೆ ಹೊರತಲ್ಲ. ಅವರು ಸೂಚಿಸಿದ ಎರಡು ಜಲಾಶಯಗಳ ಸುತ್ತ 10 ಕಿ.ಮೀ. ವ್ಯಾಪ್ತಿಯಲ್ಲಿ ನಿರ್ಮಾಣಕ್ಕೆ ಕಡಿವಾಣ ಹಾಕಿದ್ದ 1996ರ ಸರ್ಕಾರಿ ಆದೇಶವನ್ನು ತೆಲಂಗಾಣ ಸರ್ಕಾರ 2022ರಲ್ಲಿ ಸಡಿಲಿಸಿತು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯ ಬಗ್ಗೆ ಇಲ್ಲಿ ಬರೆಯಬೇಕಿಲ್ಲ, ಊರಿಗೆ ಹೋದಾಗ ಎಲ್ಲರೂ ನೋಡಿದ್ದೇವೆ.

ಮುಂದಿನ ಸೆಪ್ಟೆಂಬರ್ 15ಕ್ಕೆ ಪೇಟ ತೊಟ್ಟ ಚಿತ್ರವನ್ನು ಧಾರಾಳವಾಗಿ ಹಂಚಿಕೊಳ್ಳೋಣ. ಅದರ ಜೊತೆಗೆ ನಮ್ಮ ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಎರಡು ಪ್ರಶ್ನೆ ಕೇಳಬಹುದು. ನಮ್ಮ ಟ್ಯಾಂಕರ್ ನೀರು ಯಾವ ಬಾವಿಯದು, ಅದನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ? ನಮ್ಮ ಕೊಳೆನೀರು ಗೇಟು ದಾಟಿದ ಮೇಲೆ ಎಲ್ಲಿಗೆ ಹೋಗುತ್ತದೆ? ಹೊಸ ಫ್ಲ್ಯಾಟು ನೋಡಲು ಹೋದಾಗ ಈಜುಕೊಳ, ಜಿಮ್ಮು ತೋರಿಸುವ ಹುಡುಗನಿಗೂ ಇದನ್ನೇ ಕೇಳಬಹುದು. ಪಾಲಿಕೆಯ ವಿಕಾಸ ಯೋಜನೆಗೆ ಆಕ್ಷೇಪಣೆ ಕರೆದಾಗ, ಮರಾಠಿ ಅಷ್ಟು ಬರದಿದ್ದರೂ ಪಕ್ಕದ ಮನೆಯವರ ಸಹಾಯ ಪಡೆದು, ಅದೇ ಎರಡು ಪ್ರಶ್ನೆಗಳನ್ನು ಬರೆದು ಕೊಡಬಹುದು. ಹೊರಗಿನಿಂದ ಬಂದವರು, ಇಲ್ಲಿಯ ಊರಿನ ವಿಚಾರ ನಮಗೇಕೆ ಎಂದು ಹಿಂಜರಿಯುವ ಅಗತ್ಯವಿಲ್ಲ. ಮುದ್ದೇನಹಳ್ಳಿಯಿಂದ ಬಂದ ಒಬ್ಬರು ನೀರಾ ಕಾಲುವೆಯ ಹಳ್ಳಿಗಳಿಗೆ ಜ್ವರ ಬರಬಾರದೆಂದು ಇಲ್ಲಿಯ ರೈತರೊಂದಿಗೆ ಕುಳಿತು ಲೆಕ್ಕ ಹಾಕಿದ್ದರು. ಅವರೂ ಹೊರಗಿನಿಂದಲೇ ಬಂದವರು.